ಪಾರ್ವತಿಬಾಯಿಯ ಹಿನಾ ಅತ್ತರು

ಆ ದಿನ ನಾಗಣ್ಣನ ಮನೆಯ ಪಡಸಾಲೆಯಲ್ಲಿ ಕೈಗಳಿಗೆ ಬರಗಾಲ ಬಂದಿತ್ತು.

ಶಹಾಪುರದ ಬಜಾರಿನಲ್ಲಿ ನಾಗಣ್ಣನದು ಬಟ್ಟೆಯ ಅಂಗಡಿ. ಅವನ ಮಗಳು ಮೌನಮ್ಮನನ್ನು ನೋಡಲು ಸುರಪುರದ ಒಂದು ಮನೆತನದವರು ಬರುತ್ತಾರೆಂಬ ಮಾತು ಎದ್ದಿತ್ತು. ಮಾತು ಇನ್ನೂ ಮಾತಾಗಿಯೇ ಇತ್ತು. ಆದರೆ ನಾಗಣ್ಣನ ಹೆಂಡತಿ ಗೊಲ್ಲಾಳಮ್ಮ ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವ ಪೈಕಿ. ಮದುವೆಯ ದಿನ ಮಗಳಿಗೆ ಯಾವ ಅತ್ತರು ಹಚ್ಚಬೇಕೆಂದು ಆರಿಸಲು ಮಕ್ತುಂಬಿಯನ್ನು ಕರೆಸಿಬಿಟ್ಟಿದ್ದಳು.

ಮಕ್ತುಂಬಿಯ ಗಂಡ ಬಾಷುಮಿಯಾ ಬಜಾರಿನಲ್ಲಿ, ಉರುಸುಗಳಲ್ಲಿ ಗಂಡಸರಿಗೆ ಅತ್ತರು ಮಾರುತ್ತಿದ್ದ. ಮನೆಗಳ ಒಳಗೆ ಹೋಗಿ ಹೆಂಗಸರಿಗೆ ಮಾರುವುದು ಮಕ್ತುಂಬಿಯ ಪಾಲು. ಆಗ ನಿಜಾಮನ ರಾಜ್ಯ. ದೂರದಲ್ಲೆಲ್ಲೋ ದೊಡ್ಡ ಯುದ್ಧ ನಡೆದು ಇಲ್ಲಿ ಚಿಮಣಿ ಎಣ್ಣೆಗೂ ಚೀಟಿ ಬಂದಿತ್ತು. ಆದರೂ ಹೈದರಾಬಾದಿನಿಂದ ಯಾದಗಿರಿ ಸ್ಟೇಷನ್ನಿಗೆ ಇಳಿಯುವ ಅತ್ತರಿನ ಸೀಸೆಗಳು ಮಾತ್ರ ಹೇಗೋ ಇಳಿಯುತ್ತಲೇ ಇದ್ದವು.

ಮಕ್ತುಂಬಿಯ ಮಾರಾಟಕ್ಕೊಂದು ಕಟ್ಟಳೆ ಇತ್ತು. ಸೀಸೆಯ ಬಾಯಿಗೆ ಮೂಗು ಇಟ್ಟು ಆರಿಸಲು ಅವಳು ಯಾರಿಗೂ ಬಿಡುತ್ತಿರಲಿಲ್ಲ. ಗಾಜಿನ ಕಡ್ಡಿಯ ತುದಿಯಿಂದ ಮೈಮೇಲೆ ಒಂದು ಚುಕ್ಕೆ ಇಟ್ಟು, ಪೆಟ್ಟಿಗೆ ಮುಚ್ಚಿ ಹೋಗಿಬಿಡುತ್ತಿದ್ದಳು. ಮರುದಿನ ಬಂದು, ರಾತ್ರಿ ಕಳೆದ ಮೇಲೆ ಚರ್ಮದಲ್ಲಿ ಏನು ಉಳಿದಿದೆಯೆಂದು ಮೂಸಿ ನೋಡಿದ ನಂತರವೇ ವ್ಯಾಪಾರದ ಮಾತು. ಒಂದು ಚುಕ್ಕೆಗೂ ಇನ್ನೊಂದಕ್ಕೂ ಗೇಣು ದೂರವಿರಬೇಕು. ಇಲ್ಲವಾದರೆ ಎರಡೂ ಕಲೆತು ಎರಡೂ ಕೆಡುತ್ತವೆ. ಹೀಗಾಗಿ ಗುಲಾಬಿ, ಕೇದಗೆ, ಮಲ್ಲಿಗೆಯ ಮೊಗ್ರಾ, ಲಾವಂಚದ ಖಸ್ ಎನ್ನುತ್ತ ಹೋದಂತೆ ತಾಯಿ ಮಗಳ ಮಣಿಕಟ್ಟು, ಮೊಣಕೈ, ಅಂಗೈ ಹಿಂಬದಿ ಎಲ್ಲ ತುಂಬಿಹೋದವು.

"ಹಿನಾ ಒಂದ ಉಳೀತು. ಎಲ್ಲಿ ಹಚ್ಚಲಿ?" ಅಂದಳು ಮಕ್ತುಂಬಿ ಕಡ್ಡಿ ಹಿಡಿದುಕೊಂಡು.

"ನನ್ನ ಮೊಣಕಾಲಿಗಿ ಹಚ್ಚು," ಅಂದಳು ಮೌನಮ್ಮ.

"ಮದವಿ ಆದ ಮ್ಯಾಲ ಗಂಡ ಬಂದು ಮೊಣಕಾಲು ಮೂಸ್ತಾನೇನ ಹುಚ್ಚಿ?"

"ಏ ಮಕ್ತುಂಬಿ, ಹುಡಿಗಿ ಮುಂದ ಏನ್ ಮಾತಾಡ್ತಿ!" ಎಂದು ಗೊಲ್ಲಾಳಮ್ಮ ಬೈದಳಾದರೂ ಸೆರಗಿನ ಹಿಂದೆ ಅವಳ ಹೊಟ್ಟೆ ನಗುವಿಗೆ ಕುಣಿಯುತ್ತಿತ್ತು. ಅಡುಗೆ ಮನೆಯ ಕಡೆ ತಿರುಗಿ ಕೂಗಿದಳು: "ಅಕ್ಕಾ, ಒಂದೀಟು ಬರ್ರಿ! ನಿಮ್ಮ ಕೈ ಬೇಕಾಗ್ಯಾದ!"

ಪಾರ್ವತಿಬಾಯಿ ಬೆಣ್ಣೆ ಕಾಸುತ್ತಿದ್ದವಳು ಕೈ ಒರೆಸಿಕೊಳ್ಳುತ್ತ ಬಂದಳು. ಅವಳು ನಾಗಣ್ಣನ ತೀರಿಹೋದ ಅಣ್ಣನ ಹೆಂಡತಿ. ಗಂಡ ಹೋಗಿ ಆರು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಮನೆಯ ಅಡುಗೆ, ಹಾಲು, ಮೊಸರು, ಮಸಾಲೆಯ ಬೀಗದಕೈ ಎಲ್ಲವೂ ಅವಳ ಕೈಯಲ್ಲೇ ಇದ್ದವು. ಮೂಗಿನಲ್ಲೇ ಕಣ್ಣು ಇಟ್ಟುಕೊಂಡು ಹುಟ್ಟಿದವಳು ಎಂದು ಓಣಿಯವರು ಹೇಳುತ್ತಿದ್ದರು. ಸಂಜೆ ಒಡೆಯುವ ಹಾಲನ್ನು ಅವಳು ಬೆಳಗ್ಗೆಯೇ ಹೇಳುತ್ತಿದ್ದಳು. ಯಾರದೋ ಹೊಲದ ಜೋಳಕ್ಕೆ ಮಣ್ಣಿನಡಿಯ ಹಗೇವಿನಲ್ಲಿ ನೀರು ತಾಗಿದೆಯೆಂದು ಹಿಟ್ಟು ಮೂಸಿಯೇ ಹೇಳಿಬಿಡುತ್ತಿದ್ದಳು.

ಮಕ್ತುಂಬಿ ಅವಳ ಎಡಗೈಯ ಹಿಂಬದಿಯಲ್ಲಿ ಹಿನಾದ ಚುಕ್ಕೆ ಇಟ್ಟಳು. ಹಿನಾ ಎಂದರೆ ಒಂದು ಹೂವಿನದಲ್ಲ. ಬೇರು, ತೊಗಟೆ, ಎಲೆ, ಮಸಾಲೆ ಎಷ್ಟೋ ಸಾಮಾನು ಬೇಯಿಸಿ, ಅವುಗಳ ಹಬೆಯನ್ನು ಶ್ರೀಗಂಧದ ಎಣ್ಣೆಗೆ ಇಳಿಸಿ ಮಾಡಿದ್ದು. ಬಣ್ಣ ಹಳೆಯ ಬೆಲ್ಲದ್ದು. ಪಾರ್ವತಿಬಾಯಿ ಮೂಸಿ ಮೂಗು ಮುರಿದಳು.

"ಇದೇನ ವಾಸನಿನೊ! ನಾಟಿ ವೈದ್ಯನ ಚೀಲಾ ಬಿಚ್ಚಿದಂಗದ."

"ಈಗ ಮಾತಾಡಬ್ಯಾಡ್ರಿ ಅಕ್ಕಾ," ಅಂದಳು ಮಕ್ತುಂಬಿ. "ನಾಳಿ ಮಾತಾಡ್ರಿ."

ಸಂಜೆಗೆ ವೈದ್ಯನ ಚೀಲ ಹೋಗಿತ್ತು. ಅದರ ಜಾಗದಲ್ಲಿ ಲವಂಗ, ಜಾಯಿಕಾಯಿಯಂಥ ಏನೋ ಬೆಚ್ಚಗಿನದು ಬಂದು ಕೂತಿತ್ತು. ಮಲಗುವಾಗ ಅದೂ ಹಿಂದೆ ಸರಿದು, ಗಂಧ ತೇಯ್ದ ಕಲ್ಲಿನ ವಾಸನೆ ಎದ್ದಿತು. ಮರುದಿನ ಬೆಳಗ್ಗೆ ರೊಟ್ಟಿ ಬಡಿಯುವಾಗ, ಕೈ ಮೇಲೆದ್ದು ಕೆಳಗಿಳಿದಾಗಲೆಲ್ಲ ಹಿಟ್ಟಿನ ವಾಸನೆಯ ನಡುವೆ ಅದು ಒಂದು ಕ್ಷಣ ಸುಳಿದು ಮಾಯವಾಗುತ್ತಿತ್ತು. ಪಾರ್ವತಿಬಾಯಿ ಅಂದು ಬೇಕಾದ್ದಕ್ಕಿಂತ ಹೆಚ್ಚು ರೊಟ್ಟಿ ಬಡಿದಳು.

ಅವಳಿಗೆ ಮಲ್ಲಿಗೆ ನೆನಪಾಯಿತು. ದಿನವೂ ಸಂಜೆ ಹೂವಿನ ಮಲಕಮ್ಮ ಬುಟ್ಟಿ ಹೊತ್ತು ಬಾಗಿಲಿಗೆ ಬಂದು ಎರಡು ಮೊಳ ಅಳೆದು ಕೊಡುತ್ತಿದ್ದಳು. ಒಂದು ಗೊಲ್ಲಾಳಮ್ಮನಿಗೆ, ಒಂದು ಮೌನಮ್ಮನಿಗೆ. ಆರು ವರ್ಷದ ಹಿಂದೆ ಅದು ಮೂರು ಮೊಳವಾಗಿತ್ತು. ಹೂವು ಮುಡಿಯುವುದು ನಿಂತದ್ದಕ್ಕೆ ಪಾರ್ವತಿಬಾಯಿ ಯಾರ ಮೇಲೂ ಸಿಟ್ಟಾಗಿರಲಿಲ್ಲ. ಊರಲ್ಲಿ ಎಲ್ಲರಿಗೂ ಆಗುವುದು ತನಗೂ ಆಯಿತು, ಅಷ್ಟೆ. ಮುಡಿದು ಚೆಂದ ಕಾಣುವ ಆಸೆಯೂ ಅವಳಿಗೆ ಇರಲಿಲ್ಲ. ಬೆಳಗ್ಗೆ ಏಳುವಾಗ ದಿಂಬಿಗೆ ಉಳಿದಿರುತ್ತಿದ್ದ ವಾಸನೆ ಮಾತ್ರ ಬೇಕಿತ್ತು. ಅದನ್ನು ಯಾರಿಗೆ ಹೇಳುವುದು?

ಮಕ್ತುಂಬಿ ಬಂದು ಎಲ್ಲರ ಕೈ ಮೂಸಿದಳು. ಮೌನಮ್ಮನ ಕೈಯಲ್ಲಿ ಮೊಗ್ರಾ ಚೆನ್ನಾಗಿ ಉಳಿದಿತ್ತು. ಅದೇ ಗಟ್ಟಿಯಾಯಿತು. ಹಿನಾ ಎಳೆಯ ಹುಡುಗಿಗೆ ಭಾರವಾಗುತ್ತದೆಂದು ಗೊಲ್ಲಾಳಮ್ಮ ಬೇಡವೆಂದಳು. ಕೊನೆಗೆ ಪಾರ್ವತಿಬಾಯಿಯ ಕೈ ಹಿಡಿದ ಮಕ್ತುಂಬಿ ಬಹಳ ಹೊತ್ತು ಬಿಡಲಿಲ್ಲ.

"ಬೆಣ್ಣಿ ಕಾಸೂ ಕೈ ನೋಡ್ರಿ! ಜಿಡ್ಡಿನಾಗ ಅತ್ತರ ಬೇರು ಬಿಡ್ತದ. ನನ್ನ ಮೈಯಾಗೂ ಹಿಂಗ ಉಳಿಯೂದಿಲ್ಲ, ಅಲ್ಲಾ ಕಸಮ್."

ಅವಳನ್ನು ಬಾಗಿಲತನಕ ಕಳಿಸಲು ಪಾರ್ವತಿಬಾಯಿಯೇ ಹೋದಳು. ಹೊಸ್ತಿಲ ಹತ್ತಿರ ದನಿ ತಗ್ಗಿಸಿದಳು.

"ಅದು... ಸಣ್ಣ ಸೀಸಿ ಸಿಗ್ತದೇನು?"

"ಯಾವುದು? ಹಿನಾ? ಯಾರಿಗಿ?"

ಪಾರ್ವತಿಬಾಯಿ ಓಣಿಯ ಆ ತುದಿ ಈ ತುದಿ ನೋಡಿದಳು. "ನನಗ."

ಮಕ್ತುಂಬಿ ಅವಳ ಕುಂಕುಮವಿಲ್ಲದ ಹಣೆಯ ಮೇಲಿನ ವಿಭೂತಿ ನೋಡಿದಳು, ಮುಖ ನೋಡಿದಳು. ಪೆಟ್ಟಿಗೆಯನ್ನು ಕಟ್ಟೆಯ ಮೇಲಿಟ್ಟು ತೆರೆದಳು. "ಹೂವಾ ಬ್ಯಾಡ ಅಂದಾರ ಮಂದಿ. ಅತ್ತರ ಬ್ಯಾಡ ಅಂತ ಯಾರರ ಅಂದಾರೇನು?"

"ಅನ್ನಾಕ ಅವರಿಗಿ ಗೊತ್ತಾಗಬೇಕಲ್ಲ. ಗೊತ್ತಾದ್ರ ಅಂತಾರ. ಯಾರಿಗಾಗಿ ಹಚ್ಕೊಳ್ಳಾಕತ್ಯಾಳ ಅಂತಾರ. ಮನ್ಯಾಗ ಹುಡಿಗಿ ಲಗ್ನದ ಮಾತದ ಮಕ್ತುಂಬಿ. ನನ್ನ ಹೆಸರಿಗಿ ಒಂದು ಮಾತು ಬಂದ್ರ ಅದು ಅಕೀ ಹೆಸರಿಗೇ ಹತ್ತತದ. ಸುರಪುರದವರು ತಿರುಗಿ ನೋಡೂದಿಲ್ಲ."

"ಹಂಗಾರ ಸಾಸಿವಿ ಕಾಳಿನಷ್ಟು, ಕಿವಿ ಹಿಂದ. ಎಂಟು ದಿನಕ್ಕ ಒಮ್ಮೆ, ಅಷ್ಟ. ಇದು ತಲೀಗಿ ಎರಕೊಂಡ್ರೂ ಹೋಗೂದಿಲ್ಲ, ಕುಪ್ಪಸಾ ಒಗದ್ರೂ ಹೋಗೂದಿಲ್ಲ. ವಾಸನಿ ಹೋಗ್ಯಾದ ಅಂತ ನಿಮ್ಮ ಮೂಗು ಹೇಳಿದ್ರೂ ನಂಬಬ್ಯಾಡ್ರಿ."

ತುಪ್ಪ ಮಾರಿ ತನ್ನದೇ ಎಂದು ಇಟ್ಟುಕೊಂಡಿದ್ದ ದುಡ್ಡಿನಲ್ಲಿ ಪಾರ್ವತಿಬಾಯಿ ಕಿರುಬೆರಳಿನಷ್ಟು ಸೀಸೆ ಕೊಂಡಳು. ಮಕ್ತುಂಬಿಯ ಕೊನೆಯ ಮಾತು ಅವಳ ಕಿವಿಗೆ ಬಿದ್ದಿತು, ಮನಸ್ಸಿಗೆ ಬೀಳಲಿಲ್ಲ. ಶಹಾಪುರದಲ್ಲಿ ಯಾರ ಮೂಗನ್ನಾದರೂ ನಂಬದಿರಬಹುದು, ತನ್ನದನ್ನು ನಂಬದಿರುವುದು ಹೇಗೆ?

ಸೀಸೆ ಎಲ್ಲಿಡಬೇಕೆಂದು ಅವಳು ಒಂದು ಮಧ್ಯಾಹ್ನವೆಲ್ಲ ಯೋಚಿಸಿದಳು. ಪೆಟ್ಟಿಗೆಯಲ್ಲಿ ಇಟ್ಟರೆ ಸೀರೆಗಳೆಲ್ಲ ಸುದ್ದಿ ಹೇಳುತ್ತವೆ. ಕೊನೆಗೆ ಯಾಲಕ್ಕಿ ಲವಂಗದ ಹಿತ್ತಾಳೆ ಡಬ್ಬಿ ಹೊಳೆಯಿತು. ಘಾಟಿನ ನಡುವೆ ಘಾಟು, ಯಾರಿಗೆ ತಿಳಿಯಬೇಕು? ಡಬ್ಬಿಯ ಬೀಗವೂ ತನ್ನದೇ. ಸೀಸೆಯನ್ನು ಯಾಲಕ್ಕಿಯಲ್ಲಿ ಹೂತು, ಮುಚ್ಚಳ ಒತ್ತಿ, ತನ್ನ ಜಾಣತನಕ್ಕೆ ತಾನೇ ನಕ್ಕಳು.

ಕಾರ್ತಿಕದ ಚಳಿ ಬಿದ್ದಿತ್ತು. ಹಿನಾ ಚಳಿಯ ಅತ್ತರು. ಸೆಕೆಗೆ ತಲೆನೋವು ತರುತ್ತದೆ, ಚಳಿಗೆ ಕಂಬಳಿಯಂತೆ ಒಪ್ಪುತ್ತದೆ. ಪಾರ್ವತಿಬಾಯಿಗೆ ಆ ದಿನಗಳು ತುಂಬಿದ ಕೊಡದಂತೆ ಇದ್ದವು. ಬೆಳಗ್ಗೆ ಕಣ್ಣು ತೆರೆಯುವ ಮೊದಲೇ ದಿಂಬಿನಲ್ಲಿ ಗಂಧ ಇರುತ್ತಿತ್ತು. ಒಲೆಯ ಮುಂದೆ ಕೂತು ಬೆವರಿದರೆ ಕಿವಿಯ ಹಿಂದಿನಿಂದ ಲವಂಗ ಏಳುತ್ತಿತ್ತು. ಮಜ್ಜಿಗೆ ಕಡೆಯುವಾಗ ಬಾಯಲ್ಲಿ ಯಾವುದೋ ಬೀಸುಕಲ್ಲಿನ ಪದ ಬಂದಿರುತ್ತಿತ್ತು. ಅದು ಬಂದದ್ದು ಅವಳಿಗೇ ಗೊತ್ತಾಗುತ್ತಿರಲಿಲ್ಲ.

ಕೆಲವು ದಿನ ಕಳೆದ ಮೇಲೆ ಒಂದು ಬೆಳಗ್ಗೆ ದಿಂಬಿನಲ್ಲಿ ಏನೂ ಇರಲಿಲ್ಲ. ಕುಪ್ಪಸದ ತೋಳು ಮೂಸಿದಳು. ಅದರಲ್ಲೂ ಇಲ್ಲ. ಮಕ್ತುಂಬಿ ಕಲಬೆರಕೆ ಕೊಟ್ಟಳೇನೋ ಎಂದು ಒಂದು ಗಳಿಗೆ ಸಂಶಯಪಟ್ಟಳು. ಕೇಳೋಣವೆಂದರೆ ಗಂಡ ಹೆಂಡತಿ ಇಬ್ಬರೂ ಪೆಟ್ಟಿಗೆ ಹೊತ್ತು ಉರುಸುಗಳ ಬೆನ್ನು ಹತ್ತಿ ಊರು ಬಿಟ್ಟಿದ್ದರು. ಸರಿ, ಆರಿಹೋಗಿದೆ ಎಂದು ಇನ್ನೊಂದು ಚುಕ್ಕೆ ಇಟ್ಟಳು. ಅದು ಅರ್ಧ ದಿನ ಬಂತು, ಹೋಯಿತು. ಮತ್ತೊಂದು. ಹೋಗುತ್ತ ಹೋಗುತ್ತ ದಿನವೂ ಹಚ್ಚುವುದು ರೂಢಿಯಾಯಿತು.

ಮೂಗಿನ ಸ್ವಭಾವವೇ ಅಂಥದು. ಹೊಸದಾಗಿ ಬಂದದ್ದನ್ನು ಸಾರಿ ಹೇಳುತ್ತದೆ, ಬಂದು ಕೂತದ್ದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಗಾಣದ ಮನೆಯವನಿಗೆ ಎಣ್ಣೆಯ ವಾಸನೆ ಬರುವುದಿಲ್ಲ, ಬಂದವರಿಗೆಲ್ಲ ಬರುತ್ತದೆ. ಮೂಗು ಎಷ್ಟು ಚುರುಕೋ ಅಷ್ಟೇ ಬೇಗ ಅದು ದಣಿಯುವುದೂ ಉಂಟು. ಪಾರ್ವತಿಬಾಯಿಗೆ ಇದು ತಿಳಿದಿರಲಿಲ್ಲ. ತನಗೆ ಬಾರದ ವಾಸನೆ ಊರಲ್ಲಿ ಯಾರಿಗೂ ಬಾರದೆಂದು ಅವಳು ನೆಮ್ಮದಿಯಾಗಿದ್ದಳು.

ಆ ದಿನಗಳಲ್ಲಿ ಸುತ್ತಲೂ ಸಣ್ಣಪುಟ್ಟ ವಿಚಿತ್ರಗಳು ನಡೆದವು. ಎಂದೂ ಅತ್ತರು ಮುಟ್ಟದ ನಾಗಣ್ಣ ಕಿವಿಯಲ್ಲಿ ಹತ್ತಿಯ ತುಣುಕು ಇಟ್ಟುಕೊಂಡು ಅಂಗಡಿಗೆ ಹೋಗತೊಡಗಿದ. ಅತ್ತರಿನ ಹತ್ತಿಯನ್ನು ಹಾಗೆ ಕಿವಿಯಲ್ಲಿ ಸಿಕ್ಕಿಸಿಕೊಳ್ಳುವುದು ಬಜಾರಿನ ಶೋಕಿಲಾಲರ ಪದ್ಧತಿ. ವಯಸ್ಸಿಗೆ ಬಂದ ಮಗಳಿರುವಾಗ ಮೈದುನನಿಗೆ ಈಗೇನು ಶೋಕಿ ಎಂದು ಪಾರ್ವತಿಬಾಯಿ ಒಳಗೊಳಗೆ ನಕ್ಕಳು. ಒಂದು ಸೋಮವಾರ ಗೋಧಿ ಹುಗ್ಗಿ ಬಡಿಸಿದಾಗ ನಾಗಣ್ಣ ಮೊದಲ ತುತ್ತು ಬಾಯಿಗಿಟ್ಟು ಎಲೆಯನ್ನು ಮತ್ತೊಮ್ಮೆ ನೋಡಿದ.

"ವೈನಿ, ಯಾಲಕ್ಕಿ ಹೊಸಾವೇನ್ರಿ?"

"ಹೌದು. ಯಾದಗಿರಿಯಿಂದ ತರಿಸಿದ್ದು. ಯಾಕ?"

"ಏನಿಲ್ಲ. ಬಾಳ... ಘಮ್ಮ ಅನ್ನಾಕತ್ತಾವ." ಎಲೆಯಲ್ಲಿದ್ದುದನ್ನೆಲ್ಲ ತಿಂದು, ಎರಡು ತಂಬಿಗೆ ನೀರು ಕುಡಿದು ಎದ್ದ. ಮೌನಮ್ಮ ಸೆರಗು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡಿದಳು.

ಪುಷ್ಯದಲ್ಲಿ ಸುರಪುರದವರು ಬಂದರು. ಮಧ್ಯಾಹ್ನದ ಬಸ್ಸಿಗೆ ಇಳಿದವರು ಮೂವರು: ಧಾನ್ಯದ ವ್ಯಾಪಾರಿ ಭಗವಂತರಾಯ, ಅವನ ಮಗ ಅಯ್ಯಣ್ಣ, ಹುಡುಗನ ಅಜ್ಜಿ ಸಾಯಬಮ್ಮ. ಭಗವಂತರಾಯ ಮೆದು ಮನುಷ್ಯ. ಹುಡುಗ ನೆಲ ನೋಡುತ್ತ ಕೂತ. ಮನೆತನದ ಮಾತೆಲ್ಲ ಮುದುಕಿಯದೇ ಎಂದು ಊರಿಗೆ ಗೊತ್ತಿತ್ತು. ಕುಂಕುಮವಿಲ್ಲದ ಹಣೆ ತುಂಬ ವಿಭೂತಿ, ಬಾಯಲ್ಲಿ ತಂಬಾಕು, ಕೈಯಲ್ಲಿ ಬೆತ್ತ. ಹೊಸ್ತಿಲು ದಾಟುತ್ತಲೇ ಅವಳು ಒಮ್ಮೆ ನಿಂತು, ಗಾಳಿಯನ್ನು ಎಳೆದುಕೊಂಡು, "ಹೂಂ," ಎಂದು ಮೆಚ್ಚುಗೆಯಿಂದ ತಲೆದೂಗಿ ಒಳಗೆ ಬಂದಳು.

ಎಲ್ಲವೂ ಸುಸೂತ್ರವಾಯಿತು. ಮೌನಮ್ಮ ಬಂದು ನಮಸ್ಕರಿಸಿದಳು. ಅಡುಗೆ ಬರುತ್ತದೆಯೇ ಎಂದು ಕೇಳಿದರೆ, "ದೊಡ್ಡವ್ವ ಮಾಡೂದು ನೋಡಾಕ ಬರ್ತದ," ಎಂದು ಹೇಳಿ ಮುದುಕಿಯನ್ನು ನಗಿಸಿದಳು. ಚಹಾ ಆಯಿತು, ಫಳಾರವಾಯಿತು. ತಟ್ಟೆಯಲ್ಲಿ ಎಲೆ ಅಡಿಕೆ ಬಂತು. ಶಹಾಪುರದಲ್ಲಿ ಎಲೆ ಅಡಿಕೆ ಕೊಟ್ಟರೆಂದರೆ ಬಂದವರು ಎದ್ದರೆಂದೇ ಅರ್ಥ.

ಬಂದವರು ಏಳಲಿಲ್ಲ.

ಸುರಪುರದ ದೊಡ್ಡ ಮನೆಗಳ ರೀತಿ ಬೇರೆ ಇತ್ತು. ಹೈದರಾಬಾದಿನ ದೊಡ್ಡವರೊಡನೆ ಓಡಾಡಿ ಕಲಿತದ್ದು. ಅಲ್ಲಿ ಎಲೆ ಅಡಿಕೆಯ ಹಿಂದೆಯೇ ಅತ್ತರು ಬರಬೇಕು. ಯಜಮಾನ ಬಂದವರ ಕೈಗೆ ಅತ್ತರು ಹಚ್ಚಿದರೆ, ನಿಮ್ಮ ಬರವಿನಿಂದ ಸಂತೋಷವಾಯಿತು, ಇನ್ನು ಹೋಗಿಬನ್ನಿ ಎಂದು ಹೇಳಿದಂತೆ. ಹಚ್ಚುವ ಮೊದಲೇ ಎದ್ದರೆ ಬಂದವರ ಗೌರವ ಹೋಗುತ್ತದೆ. ಹಚ್ಚದೆ ಬಿಟ್ಟರೆ ಸಂಬಂಧ ಬೇಡವೆಂದು ಬಾಯಿಬಿಡದೆ ಹೇಳಿದ ಹಾಗೆ. ಮನೆಯಲ್ಲಿ ಅತ್ತರೇ ಇಲ್ಲದಿದ್ದರೆ ಆ ಮಾತು ಬೇರೆ, ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಇಲ್ಲಿ ಹೊಸ್ತಿಲಿನಿಂದಲೇ ಹಿನಾ ಘಮಘಮಿಸುತ್ತಿತ್ತು. ಹೀಗಾಗಿ ಅವರು ಕಾದರು.

ನಾಗಣ್ಣ ಮತ್ತೊಮ್ಮೆ ಚಹಾ ಹೇಳಿದ. ಮಾತು ಜೋಳದ ಧಾರಣೆಗೆ ಹೋಯಿತು, ಬೋನಾಳದ ಕೆರೆಯ ನೀರಿಗೆ ಹೋಯಿತು, ಹೋಗಲು ಜಾಗವಿಲ್ಲದೆ ನಿಂತಿತು. ಇನ್ನೊಂದು ಚಹಾ ಬಂತು. ಭಗವಂತರಾಯ ಕಪ್ಪಿನ ತಳ ನೋಡುತ್ತ ಕೂತ. ಸುರಪುರದ ಕೊನೆಯ ಬಸ್ಸಿನ ಹೊತ್ತಾಗುತ್ತಿತ್ತು.

ಸಾಯಬಮ್ಮ ಬೆತ್ತ ಊರಿ ಎದ್ದು, ನೀರಿನ ನೆವ ಮಾಡಿಕೊಂಡು ಅಡುಗೆ ಮನೆಯ ಬಾಗಿಲಿಗೆ ಬಂದಳು. ಒಳಗೆ ಪಾರ್ವತಿಬಾಯಿ, ಗೊಲ್ಲಾಳಮ್ಮ ಇದ್ದರು.

"ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ," ಅಂದಳು ಗೊಲ್ಲಾಳಮ್ಮನಿಗೆ. "ಮನಿ ತುಂಬ ಅತ್ತರ ಘಮ್ಮ ಅನ್ನಾಕತ್ತದ. ನಮ್ಮ ಕೈಗಿ ಮಾತ್ರ ಬರವಲ್ದು. ಸಂಬಂಧ ಬ್ಯಾಡಂದ್ರ ಬ್ಯಾಡ ಅನ್ರಿ. ಹಿಂಗ ಕುಂಡ್ರಿಸಿ ಚಾ ಕುಡಿಸಿ ಯಾಕ ಮರ್ಯಾದಿ ತಗೀತೀರಿ?"

ನೀರು ಕುಡಿದು ಅವಳು ಹೋದ ಮೇಲೆ ಪಾರ್ವತಿಬಾಯಿ ನೆಗೆಣ್ಣಿಯ ಮುಖ ನೋಡಿದಳು.

"ಯಾವ ಅತ್ತರ? ಇಲ್ಲಿ ಯಾವ ವಾಸನಿನೂ ಇಲ್ಲಲ್ಲ?"

ಗೊಲ್ಲಾಳಮ್ಮ ನೆಲ ನೋಡಿದಳು. "ಅಕ್ಕಾ, ನಿಮಗ ಖರೇನ ವಾಸನಿ ಬರವಲ್ದೇನ್ರಿ?"

ಪಾರ್ವತಿಬಾಯಿಯ ಕೈ ತಾನಾಗಿಯೇ ಕಿವಿಯ ಹಿಂದೆ ಹೋಯಿತು. "ನಿನಗ ಗೊತ್ತಿತ್ತೇನು?"

"ನನಗೇನು, ಎದುರು ಮನಿ ಎಮ್ಮಿಗೂ ಗೊತ್ತದ. ಮಲಕಮ್ಮ ಹೂವಾ ಕೊಡಾಕ ಬಂದು ಬಾಗಿಲದಾಗ ನಿಂತು ಮೂಗು ಅರಳಸ್ತಾಳ."

"ಮೈದುನಗ?"

"ಯಾರೂ ಬಾಯಿ ಬಿಡಬ್ಯಾಡ್ರಿ ಅಂತ ಅವರೇ ಹೇಳ್ಯಾರ. ಆರು ವರ್ಷದ ಮ್ಯಾಲ ವೈನಿ ಬಾಯಾಗ ಪದಾ ಕೇಳಾಕತ್ತೀವಿ, ಸುಮ್ಮ ಇರ್ರಿ ಅಂದಾರ. ಬಂದವರು ಕೇಳಿದ್ರ ತಮ್ಮದಂತ ಹೇಳಾಕ ಕಿವ್ಯಾಗ ಹತ್ತಿ ಇಟ್ಕೊಂಡು ತಿರಗಾಕತ್ಯಾರ. ಒಣಾ ಹತ್ತಿ!"

ಪಾರ್ವತಿಬಾಯಿ ಒಲೆಯ ಪಕ್ಕದ ಮಣೆಯ ಮೇಲೆ ಕೂತಳು. ನಾಚಿಕೆಯೂ ನಗುವೂ ಕೂಡಿ ಬಂದು, ಯಾವುದನ್ನು ಮೊದಲು ಹೊರಗೆ ಬಿಡುವುದೋ ತಿಳಿಯಲಿಲ್ಲ. ಈ ಮನೆ ತನ್ನ ಗುಟ್ಟನ್ನು ಹುಗ್ಗಿಯ ಜೊತೆ ನುಂಗಿ ಕೂತಿದೆ. ಅದೇ ಗುಟ್ಟು ಇವತ್ತು ಈ ಮನೆಯ ಹುಡುಗಿಯ ಸಂಬಂಧ ಮುರಿಯಲು ನಿಂತಿದೆ.

"ಸೀಸಿ ಕೊಡ್ರಿ ಅಕ್ಕಾ," ಅಂದಳು ಗೊಲ್ಲಾಳಮ್ಮ. "ಹುಡಿಗಿ ಕೈಯಾಗ ನಮ್ಮ ಮನಿಯವರಿಗಿ ಕಳಸ್ತೀನಿ. ತಮ್ಮದಂತ ಹಚ್ಚತಾರ. ನಿಮ್ಮ ಹೆಸರು ಎಲ್ಲೂ ಬರೂದಿಲ್ಲ."

ಯಾಲಕ್ಕಿ ಡಬ್ಬಿಯಿಂದ ಸೀಸೆ ತೆಗೆಯುವಷ್ಟರಲ್ಲಿ ಪಡಸಾಲೆಯ ಮಾತು ಕೇಳಿಸಿತು. ಭಗವಂತರಾಯ ಸೌಜನ್ಯದಿಂದಲೇ ದಾರಿ ತೋರಿಸಲು ನೋಡುತ್ತಿದ್ದ.

"ನಿಮ್ಮ ಅತ್ತರ ಬಾಳ ಚೊಲೋ ಅದ ನಾಗಣ್ಣ. ಯಾವುದ್ರಿ ಅದು?"

"ಅದೇನ್ರಿ? ಅದು..." ನಾಗಣ್ಣನಿಗೆ ಬಟ್ಟೆಯ ನೂಲು ಎಣಿಸಲು ಬರುತ್ತಿತ್ತೇ ಹೊರತು ಅತ್ತರಿನ ಹೆಸರು ಬರುತ್ತಿರಲಿಲ್ಲ. ಮಗಳಿಗೆಂದು ತರಿಸಿದ್ದರ ಹೆಸರೊಂದು ನೆನಪಾಯಿತು. "ಮೊಗ್ರಾರೀ."

"ಮೊಗ್ರಾ?" ಸಾಯಬಮ್ಮನ ಬೆತ್ತ ನೆಲಕ್ಕೆ ಬಡಿಯಿತು. "ನನ್ನ ಹಲ್ಲು ಹೋಗ್ಯಾವ ತಮ್ಮಾ, ಮೂಗು ಹೋಗಿಲ್ಲ. ಎಲ್ಲಿ, ತಾ ಇತ್ತ." ಕೈ ಚಾಚಿ ಅವನ ಕಿವಿಯಿಂದ ಹತ್ತಿಯನ್ನೇ ಕಿತ್ತುಕೊಂಡು ಮೂಸಿದಳು. "ಒಣಾ ಹತ್ತಿ! ಒಣಾ ಹತ್ತಿ ಇಟ್ಕೊಂಡು ಕುಂತಾನ! ಭಗವಂತಾ, ಇದೇನ ಮನ್ಯೋ ಇದು?"

ನಾಗಣ್ಣನ ಮುಖ ಹೊಸ ಮಗ್ಗದ ಬಟ್ಟೆಯಂತೆ ಬಿಳಿಚಿತು. ಕಿವಿಯಲ್ಲಿ ಮತ್ತೇನಾದರೂ ಇದೆಯೇನೋ ಎನ್ನುವಂತೆ ಬೆರಳಿಟ್ಟು ತಡಕಿದ.

ಪಾರ್ವತಿಬಾಯಿ ಸೀಸೆಯನ್ನು ಗೊಲ್ಲಾಳಮ್ಮನ ಕೈಗೆ ಕೊಡಲಿಲ್ಲ. ಸೆರಗು ಸರಿಮಾಡಿಕೊಂಡು ತಾನೇ ಪಡಸಾಲೆಗೆ ನಡೆದಳು. ಅವಳಿಗೆ ಅವಳ ವಾಸನೆ ಬರುತ್ತಿರಲಿಲ್ಲ. ಆದರೆ ತಾನು ಕಾಲಿಟ್ಟೊಡನೆ ಮೂವರ ಮುಖಗಳೂ ಒಟ್ಟಿಗೆ ತನ್ನ ಕಡೆ ತಿರುಗಿದ್ದನ್ನು ನೋಡಿ ಎಷ್ಟಿದೆಯೆಂದು ತಿಳಿಯಿತು.

"ಹಿನಾ ಅದು, ಆಯಿ," ಅಂದಳು. "ಅವರದಲ್ಲ, ನನ್ನದು. ನನ್ನ ಮಾನಾ ಉಳಸ್ಬೇಕಂತ ಅವರು ಸುಳ್ಳು ಹೇಳಿದ್ರು. ಅತ್ತರ ಕೊಡೂ ರೀತಿ ನಮಗ ಗೊತ್ತಿರಲಿಲ್ಲ, ಅದಕ್ಕ ತಡಾ ಆತು. ತಪ್ಪು ಏನಿದ್ರೂ ನಂದು. ಹುಡಿಗೀದು ಏನಿಲ್ಲ."

ಸಾಯಬಮ್ಮ ಅವಳ ಹಣೆಯ ವಿಭೂತಿಯನ್ನೇ ನೋಡುತ್ತ ಕೂತಳು.

"ಯಾವಾಗಿಂದ ಹಚ್ಚಾಕತ್ತಿ?"

"ಕಾರ್ತಿಕದಿಂದ."

"ಯಾರಿಗಿ ತೋರಸಾಕ?"

ಈ ಪ್ರಶ್ನೆಗೆ ಪಾರ್ವತಿಬಾಯಿ ತಿಂಗಳುಗಟ್ಟಲೆ ಹೆದರಿದ್ದಳು. ಕೇಳಿದ ಮೇಲೆ ನೋಡಿದರೆ ಅದಕ್ಕೆ ಉತ್ತರ ಸುಲಭವಾಗಿತ್ತು.

"ಯಾರಿಗೂ ಅಲ್ಲ. ನನಗ ಬೇಕಾಗಿತ್ತು. ಈಗ ನೋಡಿದ್ರ ಊರಿಗೆಲ್ಲಾ ಬರಾಕತ್ತದಂತ, ನನಗೊಬ್ಬಾಕಿಗೇ ಬರವಲ್ದು."

ಮೊದಲು ನಕ್ಕದ್ದು ನೆಲ ನೋಡುತ್ತ ಕೂತಿದ್ದ ಅಯ್ಯಣ್ಣ. ಹಿಂದೆಯೇ ಬಾಗಿಲ ಮರೆಯಿಂದ ಮೌನಮ್ಮನ ನಗು ಕೇಳಿತು. ಸಾಯಬಮ್ಮ ನಗಬಾರದೆಂದು ಬಾಯಿ ಬಿಗಿಹಿಡಿದಳು. ಆಗಲಿಲ್ಲ. ನಗು ಕೆಮ್ಮಾಗಿ, ಕೆಮ್ಮು ಕಣ್ಣೀರಾಗಿ, ಬೆತ್ತ ಕೈಜಾರಿ ಬಿತ್ತು. ಭಗವಂತರಾಯ ಬೆನ್ನು ತಟ್ಟಿದ. ಸುಧಾರಿಸಿಕೊಂಡ ಮುದುಕಿ ಕಣ್ಣೊರೆಸಿಕೊಂಡು ಕೈ ಮುಂದೆ ಚಾಚಿದಳು.

"ಹಚ್ಚು ಮತ್ತ. ಬಸ್ಸು ಹೋಗ್ತದ."

"ನಾ ಹಚ್ಚಲೇನು?" ಪಾರ್ವತಿಬಾಯಿ ಹಿಂದೆ ಗೊಲ್ಲಾಳಮ್ಮನ ಕಡೆ ನೋಡಿದಳು. "ಶುಭದ ಹೊತ್ತು..."

"ನನ್ನ ಹಣಿ ನೋಡು, ನಿನ್ನ ಹಣಿ ನೋಡು. ನನಗ ನೀ ಹಚ್ಚದ ಮತ್ತ ಯಾರು ಹಚ್ಚಬೇಕು? ಗಂಡಸರಿಗಿ ಒಣಾ ಹತ್ತಿಯವ ಹಚ್ಚಲಿ."

ಪಾರ್ವತಿಬಾಯಿ ಆ ಒಣಗಿದ, ನರ ಎದ್ದ ಕೈ ಹಿಡಿದು, ಸಾಸಿವೆ ಕಾಳಿನಷ್ಟು ಅತ್ತರು ಇಟ್ಟಳು. ಸಾಯಬಮ್ಮ ಕೈ ಹಿಂದೆ ಎಳೆಯಲಿಲ್ಲ.

"ಇನ್ನೊಂದೀಟು. ಜುಗ್ಗತನ ಬ್ಯಾಡ. ಆ ಕೈಗೂ."

ಎರಡೂ ಕೈ ಉಜ್ಜಿ ಮುಖಕ್ಕೆ ಹಿಡಿದುಕೊಂಡು ಮುದುಕಿ ಸ್ವಲ್ಪ ಹೊತ್ತು ಹಾಗೇ ಕೂತಳು. ಅಷ್ಟರಲ್ಲಿ ನಾಗಣ್ಣ ಭಗವಂತರಾಯನಿಗೂ ಹುಡುಗನಿಗೂ ಹಚ್ಚಿದ. ಅವಸರದಲ್ಲಿ ಅರ್ಧ ಅತ್ತರು ಹುಡುಗನ ಅಂಗಿಯ ತೋಳಿಗೆ ಹೋಯಿತು. ಸಾಯಬಮ್ಮ "ಏಳ್ರಿ" ಎಂದೊಡನೆ ಮೂವರೂ ಎದ್ದರು. ಅಷ್ಟು ಹೊತ್ತು ನೆಲಕ್ಕೆ ಅಂಟಿದ್ದವರು ಇವರೇ ಏನು ಎನ್ನುವ ಹಾಗೆ ಚಪ್ಪಲಿ ಮೆಟ್ಟಿದರು. ಹೊಸ್ತಿಲಲ್ಲಿ ಮುದುಕಿ ಗೊಲ್ಲಾಳಮ್ಮನ ಕಡೆ ತಿರುಗಿದಳು.

"ಹುಡಿಗಿ ಚೊಲೋ ಅದಾಳ. ಮಾತು ಜರಾ ಜಾಸ್ತಿ, ನಮ್ಮ ಹುಡುಗಂದು ಕಡಿಮಿ. ಸರಿ ಹೋಗ್ತದ. ನಿಶ್ಚಯಕ್ಕ ಸುರಪುರಕ್ಕ ಬರೂ ಮುಂದ ನಿಮ್ಮ ಅಕ್ಕನ್ನ ಬಿಟ್ಟು ಬಂದ್ರ ನಾ ಬಾಗಿಲು ತಗಿಯೂದಿಲ್ಲ."

ಅವರನ್ನು ಬಸ್ಸಿಗೆ ಹತ್ತಿಸಿ ಬಂದ ನಾಗಣ್ಣ ಪಡಸಾಲೆಯ ಕಂಬಕ್ಕೆ ಒರಗಿ ಕೂತ. ಪಾರ್ವತಿಬಾಯಿ ಕಪ್ಪುಗಳನ್ನು ಎತ್ತುತ್ತಿದ್ದಳು.

"ವೈನಿ," ಅಂದ, ಬೇರೆ ಕಡೆ ನೋಡುತ್ತ. "ನೀವು ಹಚ್ಕೋರಿ. ಯಾರರ ಏನರ ಅಂದ್ರ ನನಗ ಹೇಳ್ರಿ. ಆದ್ರ ಹುಗ್ಗ್ಯಾಗ ಮಾತ್ರ ಬ್ಯಾಡ್ರಿ. ನನ್ನ ಕೈಲೆ ಇನ್ನ ಆಗೂದಿಲ್ಲ."

"ತಿನ್ನೂ ಮುಂದ ಅಂದಿದ್ರ ಆಗ್ತಿತ್ತು," ಅಂದಳು ಪಾರ್ವತಿಬಾಯಿ, ಮುಖದ ತುಂಬ ನಗುತ್ತ.

ಹೊರಗೆ ಮಲಕಮ್ಮ ಹೂವಿನ ಬುಟ್ಟಿ ಹೊತ್ತು ಕೂಗುತ್ತಿದ್ದಳು. ಗೊಲ್ಲಾಳಮ್ಮ ಸುದ್ದಿ ಹೇಳಲು ಓಡಿಹೋದಳು. ಪಾರ್ವತಿಬಾಯಿ ಕಪ್ಪುಗಳನ್ನು ಹಿತ್ತಲ ಬಚ್ಚಲಿಗೆ ತಂದು, ಬೂದಿ ಹಚ್ಚಿ ತೊಳೆಯಲು ಕೂತಳು. ತೊಳೆಯುತ್ತ ತೊಳೆಯುತ್ತ ಕೈ ನಿಂತಿತು. ಭುಜ ಎತ್ತಿ ಕುಪ್ಪಸ ಮೂಸಿದಳು. ಏನೂ ಇಲ್ಲ, ಬೂದಿ, ನೀರು, ಚಹಾದ ಗಸಿ, ಅಷ್ಟೆ. ನೀರು ಸೇದುತ್ತಿದ್ದ ಮೌನಮ್ಮನನ್ನು ಕರೆದಳು.

"ಏ ಮೌನಿ, ಇಲ್ಲಿ ಬಾ. ಖರೇ ಹೇಳು. ಬರ್ತದೇನು?"

ಮೌನಮ್ಮ ಕೊಡ ಇಳಿಸಿ ಬಂದು, ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು, ದೊಡ್ಡವ್ವನ ಕುತ್ತಿಗೆಗೆ ಮೂಗು ತಾಗಿಸಿ ಕಣ್ಣು ಮುಚ್ಚಿದಳು.

"ಬರ್ತದ ದೊಡ್ಡವ್ವ."

"ಹೆಂಗ ಬರ್ತದ?"

"ಈಗ ವೈದ್ಯನ ಚೀಲಾ ಇಲ್ಲ. ಲವಂಗನೂ ಹೋಗ್ಯಾದ. ಗಂಧದ ಕಲ್ಲು ಇರ್ತದಲ್ಲ, ತೇದು ನೀರಾಗ ತೊಳದು ಬಿಸಲಿಗಿ ಇಟ್ಟದ್ದು, ಹಂಗ."

"ಹೌದು," ಅಂದಳು ಪಾರ್ವತಿಬಾಯಿ. "ಅದೇ ಅದು." ಮತ್ತೆ ಕಪ್ಪು ತೊಳೆಯತೊಡಗಿದಳು.